ಎದೆಪೆಟ್ಟಿಗೆಯ ಗಡಿಯಾರ

“ಮನುಷ್ಯ ಸುಳ್ಳು ಹೇಳ್ತಾನೆ ಮೇಡಂ. ಮಿಷಿನ್ ಹೇಳಲ್ಲ,” ಎಂದ ಇನ್ಸ್‌ಪೆಕ್ಟರ್, ಉದ್ದನೆಯ ಗ್ರಾಫ್ ಕಾಗದವನ್ನು ಮೇಜಿನ ಮೇಲೆ ಬಿಡಿಸಿಡುತ್ತ.

ನನಗೆ ನಗು ಬಂತು. ಅರ್ಧ ಆಯಸ್ಸು ವಿಮಾ ಕಂಪನಿಯ ಕ್ಲೇಮುಗಳ ಹಿಂದೆ ಅಲೆದವಳು ನಾನು. ಸುಟ್ಟುಹೋದ ಗೋದಾಮಿನ ಮೀಟರು, ಅಪಘಾತವಾದ ಲಾರಿಯ ಮೀಟರು, ಎಲ್ಲವೂ ನನ್ನ ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳಿವೆ. ಮಿಷಿನ್ನಿಗೆ ನಾಚಿಕೆ ಇಲ್ಲದಿರುವುದರಿಂದ ಹಿಡಿಯುವುದು ಸ್ವಲ್ಪ ಕಷ್ಟ, ಅಷ್ಟೆ.

ಕಾಗದದ ಮೇಲಿದ್ದದ್ದು ಕೊಲೆಯಾದ ಪ್ರಿಂಟಿಂಗ್ ಪ್ರೆಸ್ ಯಜಮಾನರ ಎದೆಬಡಿತ. ಒಂದು ದಿನದ ಪರೀಕ್ಷೆಗೆಂದು ಕ್ಲಿನಿಕ್ಕಿನವರು ಅವರ ಎದೆಗೆ ಅಂಗೈಯಗಲದ ಪೆಟ್ಟಿಗೆಯೊಂದನ್ನು ಕಟ್ಟಿ ಕಳಿಸಿದ್ದರು. ಅದೇ ದಿನ ಸಂಜೆ ಯಾರೋ ಅವರ ಮುಖದ ಮೇಲೆ ದಿಂಬು ಒತ್ತಿದರು. ಪೆಟ್ಟಿಗೆ ಅದನ್ನೂ ಶ್ರದ್ಧೆಯಿಂದ ಬರೆದುಕೊಂಡಿತ್ತು. ಏರಿಳಿಯುತ್ತಿದ್ದ ಗೆರೆ ಸರಿಯಾಗಿ ಐದೂವರೆಗೆ ನೇರವಾಗಿ ಮಲಗಿಬಿಟ್ಟಿತ್ತು.

ಐದೂವರೆಗೆ ಮನೆಯಲ್ಲಿದ್ದವಳು ಹೋಮ್ ನರ್ಸ್ ಒಬ್ಬಳೇ. ಅವಳೇ ಹೇಳಿದ ಪ್ರಕಾರ ಮೆಡಿಕಲ್ ಶಾಪಿನಿಂದ ಐದೂಕಾಲಿಗೆ ಬಂದಳು. ಯಜಮಾನರು ನೀರು ಕೇಳಿದರು, ಕೊಟ್ಟಳು. ಮತ್ತೆ ನಿದ್ದೆ ಹೋದರು. ಆರಕ್ಕೆ ಸ್ವಲ್ಪ ಮೊದಲು ಮೈ ಮುಟ್ಟಿ ನೋಡಿದರೆ ಮೈ ತಣ್ಣಗಿತ್ತು. ಅಷ್ಟರಲ್ಲಿ ಬೇರೆ ಯಾರೂ ಬಂದಿಲ್ಲ ಎಂದೂ ಅವಳೇ ಹೇಳಿದ್ದಳು.

“ಇದಕ್ಕಿಂತ ಇನ್ನೇನು ಬೇಕು? ಕಸ್ಟಡಿ ಇವತ್ತಿಗೆ ಮುಗಿಯುತ್ತೆ, ನಾಳೆ ಬೆಳಿಗ್ಗೆ ಮತ್ತೆ ಕೋರ್ಟಿಗೆ ಹಾಜರುಪಡಿಸ್ತೀವಿ,” ಎಂದ ಇನ್ಸ್‌ಪೆಕ್ಟರ್. ನನ್ನ ಮಗನ ವಯಸ್ಸಿನವನು. ಒಳ್ಳೆಯ ಹುಡುಗ, ಆದರೆ ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜಾತಿ.

ಹೋಮ್ ನರ್ಸ್‌ನ ಅಣ್ಣ ನನ್ನ ಮನೆ ಬಾಗಿಲಿಗೆ ಬಂದು ಕೈ ಮುಗಿದು ನಿಂತು ವಾರವಾಗಿತ್ತು. ಅವಳನ್ನು ಬಿಡಿಸಿಕೊಂಡು ಬರುತ್ತೇನೆ ಎಂದು ಅವನಿಗೆ ಮಾತು ಕೊಟ್ಟಿದ್ದೆ. ಕೊಟ್ಟ ಮಾತಿಗೆ ಇನ್ನು ಒಂದೇ ಮಧ್ಯಾಹ್ನ ಉಳಿದಿತ್ತು.

ನಾನು ಕನ್ನಡಕ ಏರಿಸಿ ಗ್ರಾಫನ್ನು ಹಿಂದಿನಿಂದ ಮುಂದಕ್ಕೆ ನೋಡುತ್ತ ಬಂದೆ. ಊಟ, ನಿದ್ದೆ, ಬಚ್ಚಲಿಗೆ ಹೋಗಿ ಬಂದದ್ದು, ಎಲ್ಲ ಗೊತ್ತಾಗುತ್ತಿತ್ತು. ಪಾಪ, ಮನುಷ್ಯನ ಗುಟ್ಟು ಅನ್ನುವುದೇ ಉಳಿದಿರಲಿಲ್ಲ. ಒಂದು ಕಡೆ ಗೆರೆ ಹುಚ್ಚೆದ್ದು ಕುಣಿದಿತ್ತು. ಪಕ್ಕದಲ್ಲೇ ಒಂದು ಕಪ್ಪು ಬಾಣದ ಗುರುತು.

“ಇದೇನು?”

“ಅದು ಬಟನ್ ಮೇಡಂ. ಎದೆಯಲ್ಲಿ ಏನಾದ್ರೂ ಹೆಚ್ಚುಕಡಿಮೆ ಅನ್ನಿಸಿದ್ರೆ ಪೇಷೆಂಟ್ ಒತ್ತಬೇಕು, ಗುರುತು ಬೀಳುತ್ತೆ. ಅವತ್ತು ಟೀವಿಯಲ್ಲಿ ಫುಟ್‌ಬಾಲ್ ಫೈನಲ್ ಇತ್ತಲ್ಲ, ಲೈವು. ಕೊನೆ ಪೆನಾಲ್ಟಿ ಗೋಲಾದಾಗ ಮುದುಕಪ್ಪ ಕುಣಿದಾಡಿ ಬಟನ್ ಒತ್ತಿದ್ರಂತೆ. ಆ ನರ್ಸೇ ಹೇಳಿದ್ದು. ಪಕ್ಕದ ಮನೆಯವರೂ ಕೂಗು ಕೇಳಿದಾರೆ.”

“ಎಷ್ಟೊತ್ತಿಗೆ ಒತ್ತಿದ್ರು?”

“ಇಲ್ಲೇ ಇದೆಯಲ್ಲ. ನಾಲ್ಕು ಹತ್ತು.”

ನಾನು ಫೋನ್ ತೆಗೆದು ಮನೆಗೆ ಮಾಡಿದೆ. ನಮ್ಮ ಅತ್ತೆಗೆ ಎಂಬತ್ತು ದಾಟಿದೆ. ಸೊಸೆ ಊಟ ಮಾಡಿದಳೋ ಇಲ್ಲವೋ ಅವರಿಗೆ ನೆನಪಿರುವುದಿಲ್ಲ, ಆದರೆ ಯಾವ ಗೋಲ್‌ಕೀಪರ್ ಯಾವ ಕಡೆಗೆ ಹಾರಿದ ಅನ್ನುವುದು ಎದೆಯಲ್ಲಿ ಬರೆದಿಟ್ಟಂತೆ ಇರುತ್ತದೆ.

“ಅತ್ತೆ, ಆ ಫೈನಲ್ಲು ಎಷ್ಟೊತ್ತಿಗೆ ಮುಗೀತು?”

“ಹಾಳಾದ ಮ್ಯಾಚಿನ ನೆನಪು ಯಾಕೆ ಮಾಡ್ತೀಯೇ? ನಾಲ್ಕಕ್ಕೆಲ್ಲ ಕಪ್ಪು ಎತ್ತಿಕೊಂಡು ಮೆರೀತಿದ್ರು ಕಳ್ಳರು.”

“ಕೊನೆ ಪೆನಾಲ್ಟಿ ಅದಕ್ಕಿಂತ ಮೊದಲೇ?”

“ಪೆನಾಲ್ಟಿ ಆಗದೆ ಕಪ್ಪು ಎತ್ತೋಕಾಗುತ್ತಾ? ಹತ್ತು ನಿಮಿಷ ಮೊದಲು. ಆ ರೆಫ್ರಿ ಕಣ್ಣಿಗೆ ಮಣ್ಣು ಬೀಳ! ಬರುವಾಗ ನನ್ನ ಕಣ್ಣಿನ ಡ್ರಾಪ್ಸ್ ತಗೊಂಡು ಬಾ.”

ಫೋನ್ ಇಟ್ಟು ನಾನು ಕುರ್ಚಿಗೆ ಒರಗಿದೆ. ಇಂಥ ಗಳಿಗೆಗಾಗಿಯೇ ಈ ವಯಸ್ಸಿನಲ್ಲಿ ಮೆಟ್ಟಿಲು ಹತ್ತಿ ಇಳಿಯುವುದು ಎಂದು ಮನಸ್ಸು ಹಿಗ್ಗಿತು.

“ಇನ್ಸ್‌ಪೆಕ್ಟ್ರೇ, ಪೆನಾಲ್ಟಿ ಆಗಿದ್ದು ನಾಲ್ಕಕ್ಕೆ ಹತ್ತು ನಿಮಿಷ ಇದ್ದಾಗ. ನಿಮ್ಮ ಮೊಬೈಲಿನಲ್ಲಿ ನೋಡಿ, ಮ್ಯಾಚಿನ ಪ್ರತಿ ನಿಮಿಷದ ಲೆಕ್ಕ ಸಿಗುತ್ತೆ. ಲೈವ್ ಗೋಲಿಗೆ ಯಜಮಾನರು ಇಪ್ಪತ್ತು ನಿಮಿಷ ತಡ ಮಾಡಿ ಕುಣಿದ್ರಾ?”

ಅವನು ಮೊಬೈಲ್ ನೋಡಿದ. ಗ್ರಾಫ್ ನೋಡಿದ. ಮತ್ತೆ ಮೊಬೈಲ್ ನೋಡಿದ. ಮುಖ ಹುಳ್ಳಗಾಯಿತು.

“ಪೆಟ್ಟಿಗೆ ಗಡಿಯಾರ ಮುಂದಿತ್ತು ಅಂತೀರಾ?”

“ಇಪ್ಪತ್ತು ನಿಮಿಷ. ಅಂದ ಮೇಲೆ ಯಜಮಾನರ ಎದೆ ನಿಂತಿದ್ದು ಐದೂವರೆಗಲ್ಲ. ಐದು ಹತ್ತಕ್ಕೆ.”

ಐದು ಹತ್ತಕ್ಕೆ ಹೋಮ್ ನರ್ಸ್ ಮೆಡಿಕಲ್ ಶಾಪಿನ ಕೌಂಟರ್ ಮುಂದೆ ನಿಂತು, ಚೀಟಿಯಲ್ಲಿ ಬರೆದ ಮಾತ್ರೆಯ ಬದಲು ಬೇರೆ ಕೊಟ್ಟರೆಂದು ಜಗಳ ಆಡುತ್ತಿದ್ದಳು. ಅಂಗಡಿಯ ಸಿಸಿಟಿವಿಯಲ್ಲಿ ಅದು ಚೊಕ್ಕವಾಗಿತ್ತು.

“ಆ ಕ್ಯಾಮೆರಾ ಟೈಮೂ ತಪ್ಪಿದ್ರೆ?” ಎಂದ. ಭೇಷ್, ಕಲಿಯುತ್ತಿದ್ದಾನೆ.

“ಜಗಳದ ಮಧ್ಯೆ ಅವಳಿಗೆ ಅಣ್ಣನ ಫೋನ್ ಬರುತ್ತೆ, ಎತ್ತಿ ಮಾತಾಡ್ತಾಳೆ. ಅದೂ ವಿಡಿಯೋದಲ್ಲಿದೆ. ಆ ಕರೆ ಐದು ಹತ್ತಕ್ಕೆ ಬಂತು ಅಂತ ಫೋನ್ ಕಂಪನಿಯಿಂದ ತರಿಸಿಕೊಂಡವರು ನೀವೇ. ಮೊಬೈಲ್ ಟೈಮು ಟವರಿನಿಂದ ಬರುತ್ತೆ, ಯಾರ ಕೈಯಲ್ಲೂ ಇಲ್ಲ. ಆ ಪೆಟ್ಟಿಗೆಯ ಟೈಮು ಎಲ್ಲಿಂದ ಬಂತು ಅನ್ನೋದೇ ಈಗ ಬೇಕಾಗಿರೋದು.”

“ಪೆಟ್ಟಿಗೇನೇ ಪರೀಕ್ಷೆ ಮಾಡಿಸೋಣ ಅಂದ್ರೆ ಬ್ಯಾಟರಿ ತೆಗೆದ ಕೂಡಲೇ ಅದರ ಗಡಿಯಾರ ಸೊನ್ನೆಗೆ ಹೋಗಿದೆ. ಕ್ಲಿನಿಕ್ಕಿನವನು ಮಾತ್ರ ಸರಿಯಾಗೇ ಇಟ್ಟಿದ್ದೆ ಅಂತ ಬರೆದು ಕೊಟ್ಟಿದಾನೆ.”

“ನಡೀರಿ, ಬರೆದು ಕೊಟ್ಟವನ ಮುಖ ನೋಡಿ ಬರೋಣ.”

ಕ್ಲಿನಿಕ್ಕಿನ ಪರೀಕ್ಷಾ ಕೋಣೆಯ ಹೊರಗೆ ಒಂದು ಪ್ಲಾಸ್ಟಿಕ್ ಟ್ರೇ ಇತ್ತು. ಮೊಬೈಲ್, ವಾಚ್ ಎಲ್ಲ ಅದರಲ್ಲಿ ಹಾಕಿ ಒಳಗೆ ಬರಬೇಕು, ಉಪಕರಣಗಳಿಗೆ ತೊಂದರೆಯಾಗುತ್ತದೆ ಎಂದು ಬೋರ್ಡು. ಉಪಕರಣಗಳಿಗೆ ಏನೂ ಆಗುವುದಿಲ್ಲವೆಂದೂ, ಕೆಲಸದವರು ಮೊಬೈಲ್ ತಿಕ್ಕುತ್ತ ಕೂರಬಾರದೆಂದು ಕ್ಲಿನಿಕ್ಕಿನ ಮಾಲೀಕರಾದ ದೊಡ್ಡ ಡಾಕ್ಟರು ಮಾಡಿದ ಕಾನೂನೆಂದೂ ರಿಸೆಪ್ಷನ್ ಹುಡುಗಿ ಪಿಸುಗುಟ್ಟಿದಳು.

ನಾನು ಫೋನನ್ನು ಟ್ರೇಗೆ ಹಾಕುವಾಗ ಎರಡೂವರೆ. ಒಳಗೆ ಕಾಲಿಟ್ಟು ತಲೆ ಎತ್ತಿದರೆ ಗೋಡೆಯ ಗಡಿಯಾರದಲ್ಲಿ ಮೂರು ಗಂಟೆ. ಹೊಸ್ತಿಲು ದಾಟುವುದಕ್ಕೆ ಅರ್ಧ ಗಂಟೆ ಹಿಡಿಯುವಷ್ಟು ಮುದುಕಿ ನಾನಿನ್ನೂ ಆಗಿಲ್ಲ.

ಟೆಕ್ನಿಷಿಯನ್ ನಲವತ್ತರ ಆಸುಪಾಸಿನವನು. ಇಸ್ತ್ರಿ ಮಾಡಿದ ಬಿಳಿ ಕೋಟು, ಜೇಬಿನಲ್ಲಿ ಎರಡು ಪೆನ್ನು, ಮಾತಿನಲ್ಲಿ ವಿನಯ. ಮೇಜಿನ ಮೇಲೆ ಯಜಮಾನರ ಎದೆಗೆ ಕಟ್ಟಿದಂಥದೇ ನಾಲ್ಕಾರು ಪೆಟ್ಟಿಗೆಗಳು. ಪಕ್ಕದಲ್ಲಿ ಅವನ್ನು ಕೂರಿಸುವ ಸ್ಟ್ಯಾಂಡು. ಅದರ ವೈರು ಕಿತ್ತು ಬಂದಿತ್ತು.

“ಇದರ ಟೈಮ್ ಹೇಗೆ ಇಡ್ತೀರಿ?” ಎಂದೆ, ಒಂದು ಪೆಟ್ಟಿಗೆ ಕೈಗೆತ್ತಿಕೊಂಡು.

“ಸ್ಟ್ಯಾಂಡಿನಲ್ಲಿ ಕೂರಿಸಿದ್ರೆ ಕಂಪ್ಯೂಟರಿನಿಂದ ತಾನೇ ತಗೊಳ್ಳುತ್ತೆ ಮೇಡಂ. ಕಂಪ್ಯೂಟರ್ ಇಂಟರ್ನೆಟ್ಟಿನಿಂದ ತಗೊಳ್ಳುತ್ತೆ. ಸೆಕೆಂಡೂ ಆಚೀಚೆ ಆಗಲ್ಲ.”

“ವೈರು ಕಿತ್ತಿದೆಯಲ್ಲ?”

“ಅದು... ಈಚೆಗೆ. ಹೊಸದು ಬರಬೇಕು. ಅಲ್ಲೀವರೆಗೂ ಕೈಯಲ್ಲೇ ಹಾಕ್ತೀವಿ.”

“ವಾಚು ಟ್ರೇಯಲ್ಲಿ, ಮೊಬೈಲ್ ಟ್ರೇಯಲ್ಲಿ. ಕಂಪ್ಯೂಟರ್?”

“ಅದು ಆಚೆ ಕೋಣೆಯಲ್ಲಿ.”

“ಹಾಗಾದ್ರೆ ಯಾವುದನ್ನ ನೋಡಿ ಹಾಕ್ತೀರಿ?”

ಅವನು ಗೋಡೆ ನೋಡಿದ. ನಾನೂ ನೋಡಿದೆ. ಇನ್ಸ್‌ಪೆಕ್ಟರೂ ನೋಡಿದ.

“ಅದು ಅರ್ಧ ಗಂಟೆ ಮುಂದಿದೆ ಕಣ್ರೀ!” ಎಂದು ಇನ್ಸ್‌ಪೆಕ್ಟರ್ ಹಾರಿಬಿದ್ದ.

ಟೆಕ್ನಿಷಿಯನ್ ಹೆದರಲಿಲ್ಲ. ನಕ್ಕ. “ಅದು ಮುಂದಿರೋದು ಇಲ್ಲಿ ಎಲ್ಲರಿಗೂ ಗೊತ್ತು ಸಾರ್. ಸ್ಟಾಫು ಟೈಮಿಗೆ ಸರಿಯಾಗಿ ಕೆಲಸ ಶುರು ಮಾಡ್ಲಿ ಅಂತ ದೊಡ್ಡ ಡಾಕ್ಟರು ಬೇಕಂತಲೇ ಇಟ್ಟಿರೋದು. ನಾವು ಕಳೆದೇ ಹಾಕ್ತೀವಿ. ಮೂವತ್ತು ಕಳೆದು ಪೆಟ್ಟಿಗೆಗೆ ಹಾಕಿದ್ರೆ ಟೈಮ್ ಕರೆಕ್ಟಾಗಿ ಕೂರುತ್ತೆ. ಇವತ್ತು ಹಾಕಿದ್ದು ನೋಡಿ.”

ಇನ್ಸ್‌ಪೆಕ್ಟರ್ ಹೊರಗೆ ಓಡಿ ಮೊಬೈಲ್ ನೋಡಿ ಬಂದ. ಪೆಟ್ಟಿಗೆಯ ಟೈಮ್ ಸರಿಯಾಗಿಯೇ ಇತ್ತು. ಅವನು ನನ್ನ ಮುಖ ನೋಡಿದ ನೋಟದಲ್ಲಿ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಅನ್ನುವ ಸಂಕಟ ಇತ್ತು.

ನನಗೆ ಸಂಕಟವೇನೂ ಆಗಲಿಲ್ಲ. ಗಡಿಯಾರ ಮೂವತ್ತು ಮುಂದೆ, ಯಜಮಾನರ ಪೆಟ್ಟಿಗೆ ಇಪ್ಪತ್ತು ಮುಂದೆ. ನಡುವೆ ಹತ್ತು ಉಳಿಯುತ್ತದೆ. ಆ ಹತ್ತು ಎಲ್ಲಿಂದ ಬಂತು? ಕಳೆಯುವ ಅಭ್ಯಾಸ ಇರುವವನು ಮೂವತ್ತರ ಬದಲು ಹತ್ತನ್ನು ಯಾವಾಗ ಕಳೆಯುತ್ತಾನೆ? ಹತ್ತನ್ನೇ ಕಳೆದು ಕಳೆದು ಕೈ ಪಳಗಿದ್ದಾಗ.

ಹೋಗಲಿ ಎಂಬಂತೆ ಚೀಲ ಹೆಗಲಿಗೇರಿಸಿಕೊಂಡು ಕೇಳಿದೆ. “ಮೊದಲು ಇದು ಬರೀ ಹತ್ತು ನಿಮಿಷ ಮುಂದೆ ಇತ್ತಲ್ಲ, ಮೂವತ್ತು ಯಾವಾಗ ಮಾಡಿದ್ರು?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವನ ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಯಿತು.

“ಯಾರು ಹೇಳಿದ್ರು ನಿಮಗೆ?”

“ನೀವೇ. ಈಗ.”

ಅವನು ಸ್ಟೂಲಿನ ಮೇಲೆ ಕುಸಿದು ಕೂತ.

“ವರ್ಷಗಟ್ಲೆ ಹತ್ತೇ ಇತ್ತು ಮೇಡಂ. ಎಲ್ಲರಿಗೂ ಗೊತ್ತಾಗಿ ಯಾರೂ ಹೆದರ್ತಾ ಇರಲಿಲ್ಲ. ಆರಾಮಾಗಿ ಹತ್ತು ನಿಮಿಷ ಲೇಟಾಗಿ ಬರೋರು. ಅವತ್ತು ಬೆಳಿಗ್ಗೆ ದೊಡ್ಡ ಡಾಕ್ಟರು ಯಾರಿಗೂ ಹೇಳದೆ ಮುಳ್ಳು ತಿರುಗಿಸಿ ಇನ್ನೂ ಮುಂದಕ್ಕೆ ಇಟ್ಟುಬಿಟ್ರು.”

ಕೆಲಸದವರು ಚಾಪೆ ಕೆಳಗೆ ತೂರಿದರೆ ಡಾಕ್ಟರು ರಂಗೋಲಿ ಕೆಳಗೆ ತೂರಿದ್ದರು. ಇಬ್ಬರ ನಡುವೆ ಒಬ್ಬ ಹೆಣ್ಣುಮಗಳ ಜೀವನ ಸಿಕ್ಕಿಕೊಂಡಿತ್ತು.

“ನೀವು ಎಂದಿನ ಹಾಗೆ ಹತ್ತು ಕಳೆದು ಯಜಮಾನರ ಪೆಟ್ಟಿಗೆಗೆ ಟೈಮ್ ಹಾಕಿದ್ರಿ.”

“ಹೌದು.”

“ಯಾವಾಗ ಗೊತ್ತಾಯ್ತು?”

“ಅವತ್ತೇ ಸಂಜೆ. ಮನೆಗೆ ಹೊರಟು ವಾಚ್ ಕಟ್ಟಿಕೊಳ್ಳುವಾಗ. ಬೆಳಿಗ್ಗೆ ಪೆಟ್ಟಿಗೆ ವಾಪಸ್ ಬಂದಾಗ ಇಪ್ಪತ್ತು ಕಡಿಮೆ ಮಾಡಿ ರಿಪೋರ್ಟಿನಲ್ಲಿ ಸರಿ ಮಾಡೋಣ ಅಂದ್ಕೊಂಡೆ. ಬೆಳಿಗ್ಗೆ ಪೆಟ್ಟಿಗೆ ಬರಲಿಲ್ಲ. ಪೊಲೀಸ್ನೋರು ಬಂದ್ರು.”

“ಪೊಲೀಸರು ಟೈಮ್ ಸರಿ ಇದೆಯಾ ಅಂತ ಕೇಳಿದ್ರು.”

ಅವನು ತಲೆ ಎತ್ತಲಿಲ್ಲ. “ದೊಡ್ಡ ಡಾಕ್ಟರು ಪಕ್ಕದಲ್ಲೇ ನಿಂತಿದ್ರು. ಹೌದು ಅಂದ್ಬಿಟ್ಟೆ. ಇಪ್ಪತ್ತು ನಿಮಿಷದಲ್ಲಿ ಏನು ಮಹಾ ವ್ಯತ್ಯಾಸ ಆಗುತ್ತೆ ಅಂದ್ಕೊಂಡೆ ಮೇಡಂ. ಬೀಸೋ ದೊಣ್ಣೆ ತಪ್ಪಿದ್ರೆ ಸಾಕು ಅನ್ನಿಸಿತ್ತು.”

ನನಗೆ ಸಿಟ್ಟು ನೆತ್ತಿಗೇರಿತು. “ನಿಮಗೆ ತಪ್ಪಿದ ದೊಣ್ಣೆ ಯಾರ ತಲೆ ಮೇಲೆ ಬಿತ್ತು ಅಂತ ಗೊತ್ತಾ? ವಾರದಿಂದ ಒಬ್ಬಳು ಲಾಕಪ್ಪಿನಲ್ಲಿದಾಳೆ. ಪೇಪರಿನಲ್ಲಿ ಅವಳ ಫೋಟೋ ನೋಡಿದ್ರಾ ಇಲ್ಲವಾ?”

“ನೋಡಿದೆ.”

“ನೋಡಿಯೂ ಊಟ ಸೇರ್ತಿತ್ತಾ?”

“ಸೇರ್ತಿರಲಿಲ್ಲ,” ಎಂದ. ಅವನ ಕಣ್ಣಲ್ಲಿ ನೀರಿತ್ತು. ನನಗೆ ಕರುಣೆ ಬರಲಿಲ್ಲ. ಬರಬೇಕೆಂದು ಅನ್ನಿಸಲೂ ಇಲ್ಲ. ಇನ್ಸ್‌ಪೆಕ್ಟರ್ ಹೇಳಿಕೆ ಬರೆಸಿಕೊಂಡ, ಅವನು ಸಹಿ ಹಾಕಿದ. ಹೊರಗೆ ಬಂದು ಟ್ರೇಯಿಂದ ಫೋನ್ ಎತ್ತಿಕೊಂಡಾಗ, ನಿಜ ಹೇಳಬೇಕೆಂದರೆ, ಕಪ್ಪು ಎತ್ತಿಕೊಂಡಷ್ಟೇ ಸಂತೋಷವಾಗಿತ್ತು.

ಜೀಪಿನಲ್ಲಿ ನಾನೇ ಮಾತಾಡುತ್ತಿದ್ದೆ. ಹೋಮ್ ನರ್ಸ್ ಶಾಪಿಗೆ ಹೋಗುವಾಗ ಬಾಗಿಲು ಬರೀ ಎಳೆದುಕೊಂಡು ಹೋಗಿದ್ದಳು. ಆ ಹೊತ್ತಿಗೆ ಒಳಗೆ ಬಂದವರು ಯಾರು ಎಂದು ಇಷ್ಟು ದಿನ ಯಾರೂ ಹುಡುಕಿರಲಿಲ್ಲ. ಐದೂವರೆ ಅನ್ನುವುದನ್ನು ನೆಚ್ಚಿಕೊಂಡು ಕೂತಿದ್ದರಲ್ಲ! ಇನ್ನು ಬೀದಿಯ ಒಂದೊಂದು ಮನೆಯನ್ನೂ ಕೇಳಬೇಕು. ಅಣ್ಣನಿಗೆ ಫೋನ್ ಮಾಡಿ ತಂಗಿ ಬರುತ್ತಾಳೆ ಅನ್ನಬೇಕು.

ಇನ್ಸ್‌ಪೆಕ್ಟರ್ ಸುಮ್ಮನೆ ಗಾಡಿ ಓಡಿಸುತ್ತಿದ್ದ. ಸ್ಟೇಷನ್ನಿನ ಗೇಟು ಕಾಣುವಾಗ ಮೆಲ್ಲಗೆ ಬಾಯಿ ಬಿಟ್ಟ.

“ಮೇಡಂ, ನಿಮ್ಮ ಲೆಕ್ಕ ಒಪ್ಪಿದೆ. ಐದು ಹತ್ತಕ್ಕೆ ಯಜಮಾನರು ಹೋದ್ರು. ಇವಳು ಮನೆಗೆ ಬಂದಿದ್ದು ಐದೂಕಾಲಿಗೆ.”

“ಅದೇ ಅಲ್ವಾ ನಾನು ಹೇಳ್ತಿರೋದು?”

“ಬಂದಾಗ ಅವರು ನೀರು ಕೇಳಿದ್ರು ಅಂದಳಲ್ಲ. ಸತ್ತವರು ನೀರು ಕೇಳ್ತಾರಾ?”

ಹೆದರಿ ಏನೋ ಅಂದಿರಬೇಕು ಎಂದು ತೇಲಿಸಿ ಜೀಪಿನಿಂದ ಇಳಿದೆ. ಆದರೆ ಆ ಪ್ರಶ್ನೆ ನನಗೆ ಮೊದಲು ಹೊಳೆಯಬೇಕಿತ್ತು. ಗೆದ್ದ ಉಮೇದಿನಲ್ಲಿ ಹೊಳೆದಿರಲಿಲ್ಲ.

ಹೆಂಗಸರ ಲಾಕಪ್ಪು ಹಿಂಬದಿಯಲ್ಲಿತ್ತು. ಎತ್ತರದ ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಬೆಂಚಿನ ಮೇಲೆ ಬಿದ್ದಿತ್ತು. ಹೋಮ್ ನರ್ಸ್ ಅದರ ಪಕ್ಕದಲ್ಲಿ, ನೆರಳಿನಲ್ಲಿ ಕೂತಿದ್ದಳು. ಮೂವತ್ತು ದಾಟಿರಲಿಕ್ಕಿಲ್ಲ. ನನ್ನನ್ನು ಕಂಡು ಎದ್ದು ನಿಂತಳು.

“ಬಂದ್ರಾ ಅಕ್ಕ?”

“ಒಳ್ಳೆ ಸುದ್ದಿ ತಂದಿದೀನಿ ಕಣಮ್ಮ. ಆ ಪೆಟ್ಟಿಗೆ ಟೈಮು ಇಪ್ಪತ್ತು ನಿಮಿಷ ತಪ್ಪಿತ್ತು. ಯಜಮಾನರು ಹೋದಾಗ ನೀನು ಅಂಗಡಿಯಲ್ಲಿದ್ದೆ. ಇನ್ನು ನಿನ್ನನ್ನ ಯಾರೂ ಏನೂ ಮಾಡೋಕಾಗಲ್ಲ.”

ಅಳುತ್ತಾಳೆ, ಕೈ ಹಿಡಿಯುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖದಿಂದ ರಕ್ತವೇ ಇಳಿದುಹೋಯಿತು.

“ತಪ್ಪು ಅಂತ ಯಾರು ಕಂಡುಹಿಡಿದ್ರು?”

“ನಾನೇ.”

“ಯಾಕೆ ಕಂಡುಹಿಡಿದ್ರಿ ಅಕ್ಕ?” ಎಂದಳು. ಗಂಟಲಲ್ಲಿ ಸಿಟ್ಟಿರಲಿಲ್ಲ, ಬರೀ ದುಃಖ. “ನಿಮ್ಮನ್ನ ಯಾರು ಕೇಳಿದ್ರು?”

ಹಿಂದೆ ನಿಂತ ಇನ್ಸ್‌ಪೆಕ್ಟರನ ಬೂಟಿನ ಸದ್ದು ನಿಂತಿತು. ನಾನು ಸರಳಿನ ಹತ್ತಿರ ಹೋದೆ.

“ನೀನು ಐದೂಕಾಲಿಗೆ ಬಂದಾಗ ಅವರು ಆಗಲೇ ಹೋಗಿಬಿಟ್ಟಿದ್ರು. ಅಲ್ವಾ?”

ತಲೆಯಾಡಿಸಿದಳು.

“ನೀರು ಕೇಳಿದ್ರು ಅನ್ನೋದು ಸುಳ್ಳು.”

“ಸುಳ್ಳು.”

“ಐದೂವರೆ ಅಂತ ಪೊಲೀಸರು ಅಂದಾಗಲೇ ಪೆಟ್ಟಿಗೆ ತಪ್ಪು ಹೇಳ್ತಿದೆ ಅಂತ ನಿನಗೆ ಗೊತ್ತಿತ್ತು. ಒಂದು ಮಾತು ಅಂದಿದ್ರೆ ಸಾಕಿತ್ತು.”

“ಗೊತ್ತಿತ್ತು. ದೇವರೇ ಆ ಪೆಟ್ಟಿಗೆ ಬಾಯಲ್ಲಿ ಹಾಗೆ ಹೇಳಿಸಿದ ಅಂದ್ಕೊಂಡೆ. ನಾನು ಬಾಯಿ ಮುಚ್ಚಿಕೊಂಡಿದ್ರೆ ಆಯ್ತು, ಮಿಕ್ಕಿದ್ದು ಅದೇ ನೋಡಿಕೊಳ್ಳುತ್ತೆ ಅಂತ ಸುಮ್ಮನಾದೆ.”

ಅವಳನ್ನು ಬಿಡಿಸಲು ವಾರವಿಡೀ ಓಡಾಡಿದವಳು ನಾನು, ಸರಳು ಹಿಡಿದು ಕೇಳಿದೆ. “ಒಳಗೆ ಯಾರನ್ನ ನೋಡಿದೆ?”

ಅವಳು ಹಿಂದೆ ಸರಿದು ಬೆಂಚಿನ ಮೇಲೆ ಕೂತಳು.

“ನಿನ್ನ ಅಣ್ಣನಾ?”

ಅವಳಿಗೆ ನಗುವೇ ಬಂತು. “ಅಣ್ಣ ಆಗಿದ್ರೆ ಕುತ್ತಿಗೆಪಟ್ಟಿ ಹಿಡಿದು ನಾನೇ ಇಲ್ಲಿಗೆ ಎಳ್ಕೊಂಡು ಬರ್ತಿದ್ದೆ.”

“ಮತ್ಯಾರು? ಹೇಳು ತಾಯಿ. ಯಾರಿಗೋಸ್ಕರ ನೀನು ನೇಣಿಗೆ ಕತ್ತು ಕೊಡ್ತಿದೀಯ?”

ಅವಳು ನನ್ನಿಂದ ಮುಖ ತಿರುಗಿಸಿ, ಸೆರಗಿನಿಂದ ಕಣ್ಣೊರಸಿಕೊಂಡು, ಇನ್ಸ್‌ಪೆಕ್ಟರ್ ಕಡೆ ನೋಡಿದಳು. ದನಿ ಈಗ ಗಟ್ಟಿಯಾಗಿತ್ತು.

“ಸಾರ್, ಮೊನ್ನೆ ನಾನೇ ಕೊಂದೆ ಅಂತ ಬರೆದು ಸಹಿ ಹಾಕು ಅಂದ್ರಲ್ಲ, ನಾನು ಹಾಕಲ್ಲ ಅಂದೆ. ಅವತ್ತು ಪೆಟ್ಟಿಗೆ ಹೇಳಿದ್ದೇ ಸಾಕಿತ್ತು, ನೀವು ಬೇರೆ ಯಾರನ್ನೂ ಹುಡುಕ್ತಿರಲಿಲ್ಲ. ಆ ಕಾಗದ ತನ್ನಿ, ಈಗ ಹಾಕ್ತೀನಿ.”